ಮೂರನೆಯ ಸಲ ಕೇಳದ ಊರು

ಇಂಗ್ಲೆಂಡಿಗೆ ಕಾಲಿಟ್ಟ ಮೊದಲ ದಿನವೇ ನಾನು ಹಸಿದುಕೊಂಡು ಮಲಗಿದೆ. ಊಟ ಇರಲಿಲ್ಲವೆಂದಲ್ಲ, ಮೂಗಿನ ಕೆಳಗೇ ಇತ್ತು. ಬೇಯಿಸಿದ ಆಲೂಗಡ್ಡೆ, ಬಟಾಣಿ, ಅದರ ಮೇಲೆ ಕರಗಿ ಇಳಿಯುತ್ತಿದ್ದ ಬೆಣ್ಣೆ. ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮಿಸೆಸ್ ಕೋಲ್ ಎಂಬ ವಯಸ್ಸಾದ ಹೆಂಗಸು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, "ಸ್ವಲ್ಪ ಊಟ ಮಾಡುತ್ತೀರಾ?" ಎಂದು ನಗುತ್ತ ಕೇಳಿದರು. ಹಡಗು, ರೈಲು, ಬಸ್ಸು ಎಂದು ಅಲೆದು ನನ್ನ ಹೊಟ್ಟೆ ಬೆನ್ನಿಗೆ ಅಂಟಿತ್ತು. ಆದರೂ ಮರ್ಯಾದಸ್ಥನ ಹಾಗೆ ತಲೆ ತಗ್ಗಿಸಿ, "ಬೇಡ ಬೇಡ, ಈಗೇನೂ ಬೇಡ" ಎಂದೆ. ಅವರು "ಹಾಗಾದರೆ ಸರಿ" ಎಂದು ತಟ್ಟೆಯನ್ನು ಒಳಗೆ ಒಯ್ದರು.

ಒಯ್ದವರು ಮತ್ತೆ ಬರಲಿಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಈಗ ಬರುತ್ತಾರೆ, ಇನ್ನೊಮ್ಮೆ ಕೇಳುತ್ತಾರೆ. ಒಳಗೆ ನಲ್ಲಿ ಬಿಟ್ಟ ಸದ್ದು, ತಟ್ಟೆ ತೊಳೆದ ಸದ್ದು ಕೇಳಿತು. ಅಯ್ಯೋ, ತೊಳೆದೇ ಬಿಟ್ಟರಲ್ಲ! ಬೇಸಿಗೆಯ ದಿನ. ಸಂಜೆ ಮುಗಿದರೂ ಹೊರಗೆ ಬೆಳಕು ಹೋಗದೆ ನಿಂತಿತ್ತು. ಹಗಲೂ ಅಲ್ಲದ, ರಾತ್ರಿಯೂ ಅಲ್ಲದ ಆ ಬಿಳಿಚು ಬೆಳಕಿನಲ್ಲಿ, ಕಿಟಕಿಯಾಚೆ ದೂರದಲ್ಲಿ ಇಟ್ಟಿಗೆ ಕಾರ್ಖಾನೆಯ ಹೊಗೆಕೊಳವೆಗಳು ಸಾಲಾಗಿ ಕಾಣುತ್ತಿದ್ದವು. ಇದು ಕನಸಿರಬೇಕು, ಎಚ್ಚರವಾದರೆ ಅಕ್ಕ ಗಂಜಿ ಬಡಿಸುತ್ತಾಳೆ ಎಂದುಕೊಂಡು ಮಲಗಿದೆ. ಬೆಳಿಗ್ಗೆಯೂ ಅವೇ ಹೊಗೆಕೊಳವೆಗಳಿದ್ದವು.

ನಮ್ಮ ಕಡೆ ಹೀಗುಂಟೇ ಹೇಳಿ. ಕುಂಭಾಶಿಯಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಅಲ್ಲಿಗೆ ಯಾರು ಬಂದರೂ ಅಂಗಳದಿಂದಲೇ ಶುರು.

"ಹ್ವಾಯ್, ಬನಿ ಬನಿ. ಆಸ್ರಿಗೆ ಎಂತ ಬೇಕ್?"

"ಎಂತದೂ ಬ್ಯಾಡ, ಈಗಷ್ಟೇ ಕುಡ್ಕಂಡ್ ಬಂದೆ."

"ಹಾಂಗೆ ಹೇಳುಕಾತ್ತಾ? ಒಂದ್ ಲೋಟ ಮಜ್ಜಿಗಿ ಆರೂ ಕುಡಿನಿ."

"ಬ್ಯಾಡದೇ, ಸುಮ್ನೆ ಎಂತಕ್ಕೆ?"

ಮೂರನೆಯ ಸಲ ಚಿಕ್ಕಮ್ಮ ಕೇಳುತ್ತಲೇ ಇರಲಿಲ್ಲ, ಲೋಟವನ್ನು ಕೈಗೇ ಕೊಡುತ್ತಿದ್ದರು. ಬಿಸಿಲಲ್ಲಿ ನಡೆದು ಬಂದವನು ಗಟಗಟ ಕುಡಿದು ಇನ್ನೊಂದು ಲೋಟ ಕೇಳುತ್ತಿದ್ದ. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ, ಒಂದೇ ಸಲ ಕೇಳಿ ಬಿಟ್ಟವಳು ಪಿಟ್ಟಾಸಿ, ಅಂದರೆ ಜಿಪುಣಿ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ನಡೆಯಲು ಕಲಿತ ಹಾಗೆ ಕಲಿತದ್ದು. ಕಡಲು ದಾಟಿದರೆ ಅದು ಕೆಲಸಕ್ಕೆ ಬಾರದು ಎಂದು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಐದು ವರ್ಷ ಉಳಿಯುತ್ತಿತ್ತು.

ನನ್ನ ಕೆಲಸದ ವಿಷಯ ಹೇಳುತ್ತೇನೆ. ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ನನ್ನ ಮಾವ, ಅಂದರೆ ಅಮ್ಮನ ತಮ್ಮ, ಬೆಂಕಿ ಮೇಸ್ತ್ರಿಯಾಗಿದ್ದರು. ದೋಣಿಯಲ್ಲಿ ಬಂದ ಜೇಡಿಯನ್ನು ಯಾರು ಬೇಕಾದರೂ ತುಳಿಯಬಹುದು, ಅಚ್ಚಿಗೆ ಹಾಕಬಹುದು. ಭಟ್ಟಿಯ ಬೆಂಕಿ ಮಾತ್ರ ಮಾವನದು. ಭಟ್ಟಿಯ ಸಣ್ಣ ಕಿಂಡಿಯಲ್ಲಿ ಇಣುಕಿ, "ಬಣ್ಣ ಕಾಣ್ ಮಾಣಿ, ಗಡಿಯಾರ ಕಾಣ್ಬೇಡ" ಎನ್ನುತ್ತಿದ್ದರು. ಮೊದಲು ಕೇಪಳ ಹೂವಿನ ಕೆಂಪು ಬರಬೇಕು. ಆಮೇಲೆ ಹಣ್ಣಾದ ಗೇರುಹಣ್ಣಿನ ಹಳದಿ. ಆ ಹಳದಿ ಅಲುಗದೆ ನಿಂತಿತೆಂದರೆ ಹಂಚು ಬೆಂದಿತು. ತಣಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನಬೇಕು. ಒಂಬತ್ತು ವರ್ಷ ಅವರ ಹಿಂದೆ ನಿಂತು ಇದನ್ನು ಕಲಿತೆ. ಅವರು ತೀರಿಕೊಂಡ ಮೇಲೆ ಯಜಮಾನರು ಆ ಜಾಗಕ್ಕೆ ನನ್ನನ್ನೇ ಕರೆದರು. ಆದರೆ ನನಗೆ ಆಗ ಕಡಲಾಚೆಯ ಹುಚ್ಚು. ಬೊಂಬಾಯಿಗೆ ಹೋಗಿ, ಅಲ್ಲಿ ಹೋಟೆಲಿನಲ್ಲಿದ್ದ ಬಿಜೂರಿನ ಮಂಜಣ್ಣನ ಜೊತೆ ಸೇರಿ, ಅರವತ್ಮೂರರಲ್ಲಿ ಇಂಗ್ಲೆಂಡಿನ ಹಡಗು ಹತ್ತಿದೆ.

ಅಲ್ಲಿ ಇಟ್ಟಿಗೆ ಕಾರ್ಖಾನೆ ಎಂದರೆ ಒಂದು ಊರೇ. ಭಟ್ಟಿ ನಮ್ಮ ಹೆದ್ದಾರಿಯ ಪೇಟೆಯಷ್ಟು ಉದ್ದ. ಒಳಗೆ ಸಾಲು ಸಾಲು ಕೋಣೆಗಳು. ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತ, ವರ್ಷವಿಡೀ ಆರದೆ ಸುತ್ತು ಬರುತ್ತದೆ. ಬೆಂಕಿ ದಾಟಿಹೋದ ಕೋಣೆಗೆ ನುಗ್ಗಿ ಬಿಸಿ ಇಟ್ಟಿಗೆ ಹೊರಗೆ ಎಳೆಯುವವನು ಡ್ರಾಯರ್. ನಾನು, ಮಂಜಣ್ಣ, ಪಂಜಾಬಿಗಳು, ಇಟಲಿಯವರು ಎಲ್ಲರೂ ಆ ಕೆಲಸಕ್ಕೆ. ಭಟ್ಟಿಯ ಮಾಡಿನ ಮೇಲೆ ನಡೆಯುತ್ತ, ಕಬ್ಬಿಣದ ಮುಚ್ಚಳ ಎತ್ತಿ ಬೆಂಕಿ ನೋಡಿ, ಕಲ್ಲಿದ್ದಲ ಪುಡಿ ಸುರಿಯುವವನು ಬರ್ನರ್. ಅಂದರೆ ನಮ್ಮ ಬೆಂಕಿ ಮೇಸ್ತ್ರಿ. ಮೇಲೆ ಇದ್ದವರೆಲ್ಲ ಬಿಳಿಯರು.

ಚಳಿಗಾಲದಲ್ಲಿ ಮಂಜು ಕವಿದು ಹೊಗೆಯೊಂದಿಗೆ ಕಲೆತರೆ ನೆಲ ಎಲ್ಲಿ, ಆಕಾಶ ಎಲ್ಲಿ ತಿಳಿಯುತ್ತಿರಲಿಲ್ಲ. ಮೇಲೆ ಬರ್ನರ್ ಒಬ್ಬ ಮುಚ್ಚಳ ಎತ್ತಿದಾಗ ಅಷ್ಟೇ ಅಗಲದ ಕೆಂಪು ಬೆಳಕು ಮಂಜಿನಲ್ಲಿ ತೇಲುತ್ತಿತ್ತು. ಆಗ ನಾನು ಕೈಯ ಇಟ್ಟಿಗೆ ಮರೆತು ನಿಂತುಬಿಡುತ್ತಿದ್ದೆ. ಮಂಜಿನಾಚೆ ಹೊಳೆ ಇದೆ, ದೋಣಿಯಿಂದ ಜೇಡಿ ಇಳಿಸುತ್ತಿದ್ದಾರೆ, ಆ ಬೆಳಕಿನ ಹತ್ತಿರ ಬಗ್ಗಿದವರು ಮಾವ. ಮಂಜಣ್ಣ ಬೆನ್ನಿಗೆ ಗುದ್ದಿ, "ಹ್ವಾಯ್, ನಿಂತಲ್ಲೇ ಒರಗ್ತ್ಯನಾ?" ಎಂದು ಎಬ್ಬಿಸಬೇಕಿತ್ತು.

ಎರಡನೆಯ ವರ್ಷ ಇರಬೇಕು. ನಮ್ಮ ಫೋರ್‌ಮನ್ ರೀವ್ಸ್ ಪೈಪಿಗೆ ಬೆಂಕಿ ಹಚ್ಚುತ್ತ ನನ್ನ ಪಕ್ಕ ನಿಂತ. ನಾನು ಇಟ್ಟಿಗೆ ತಟ್ಟಿ ಸದ್ದು ಕೇಳುವುದನ್ನು ಅವನು ಒಂದೆರಡು ಸಲ ನೋಡಿದ್ದ. "ಶೀನ್, ನಿನಗೆ ಬೆಂಕಿಯ ಕೆಲಸ ಗೊತ್ತಂತೆ. ಮೇಲೆ ಹೋಗುವ ಆಸೆ ಉಂಟೋ?" ಎಂದ. ಆಸೆಯೋ! ಅದಕ್ಕಾಗಿಯೇ ಬದುಕಿದ್ದೆ. ಬಾಯಿಯಿಂದ ಬಂದದ್ದು ಮಾತ್ರ ಇದು: "ಬೇಡ ಬೇಡ ಸಾರ್, ನಾನು ಇಲ್ಲೇ ಚೆನ್ನಾಗಿದ್ದೇನೆ."

ಅವನು ತಲೆಯಾಡಿಸಿ ಹೊರಟುಹೋದ. ನಾನು ಪೆದ್ದ, ಎರಡನೆಯ ಸಲ ಕೇಳುತ್ತಾನೆಂದು ಮಾರನೆಯ ದಿನ ಹೊಸ ಅಂಗಿ ಹಾಕಿಕೊಂಡು ಹೋದೆ. ವಾರವಾಯಿತು, ತಿಂಗಳಾಯಿತು. ಮಿಸೆಸ್ ಕೋಲ್‌ರ ತಟ್ಟೆಯಿಂದ ಬುದ್ಧಿ ಕಲಿತಿದ್ದೆ, ಆದರೆ ಅಡುಗೆಮನೆಯಲ್ಲಿ ಕಲಿತದ್ದು ಭಟ್ಟಿಯ ಹತ್ತಿರ ನೆನಪಾಗಲಿಲ್ಲ. ಊಟಕ್ಕೆ ಬೇಕು ಎನ್ನಲು ಕಲಿಯಬಹುದು. ದೊಡ್ಡದೊಂದನ್ನು ಯಾರಾದರೂ ಕೈಗಿಡಲು ಬಂದಾಗ ಬೇಕು ಎಂದು ಬಾಯಿ ತೆರೆಯುವುದು ಬೇರೆಯೇ ಮಾತು.

ಕಡೆಗೆ ನಾಚಿಕೆ ಬಿಟ್ಟು ನಾನೇ ಕೇಳಿದೆ. ಮೇಲೆ ಒಂದು ಜಾಗ ಖಾಲಿಯಾದಾಗ ರೀವ್ಸನ ಕೋಣೆಗೆ ಹೋಗಿ, "ಸಾರ್, ನನಗೆ ಬರ್ನರ್ ಕೆಲಸ ಬೇಕು" ಎಂದೆ. ನೋಡೋಣ ಎಂದ. ಆ ಜಾಗ ಒಬ್ಬ ಬಿಳಿಯನಿಗೆ ಹೋಯಿತು. ಮುಂದಿನ ವರ್ಷ ಮತ್ತೆ ಕೇಳಿದೆ, ಮತ್ತೆ ನೋಡೋಣ ಎಂದ. ಮೂರನೆಯ ಸಲ ಕೇಳಿದಾಗ ಜಾಗ ಸಿಕ್ಕಿದ್ದು ಬೆಂಕಿಯ ಮುಖವನ್ನೇ ಕಾಣದ, ಲಾರಿ ಬಿಡುತ್ತಿದ್ದ ಒಬ್ಬನಿಗೆ. ಆವತ್ತು ಸಿಟ್ಟು ತಡೆಯಲಿಲ್ಲ. "ಯಾಕೆ ಸಾರ್, ನನಗೆ ಯಾಕಿಲ್ಲ?" ಎಂದು ಅಡ್ಡ ನಿಂತೆ. ರೀವ್ಸ್ ನನ್ನ ಮುಖ ನೋಡದೆ ಹೇಳಿದ: "ಮೇಲಿನ ಕೆಲಸ ನಿಮ್ಮವರಿಗಲ್ಲ, ಶೀನ್. ಅಂದು ನಿನ್ನನ್ನು ಕೇಳಿದಾಗ ನನಗೆ ತಿಳಿಯಲಿಲ್ಲ, ಕರಿಯ ಬಂದರೆ ಮೇಲಿನವರು ಕೆಲಸ ನಿಲ್ಲಿಸುತ್ತಾರೆ. ನನ್ನ ಕೈಯಲ್ಲಿ ಇಲ್ಲ."

ಆ ಹೊತ್ತಿಗೆ ಆ ದೇಶದಲ್ಲಿ ಹೊಸ ಕಾನೂನು ಬಂದಿತ್ತು. ಬಣ್ಣ, ಹುಟ್ಟು ನೋಡಿ ಕೆಲಸದಲ್ಲಿ ಭೇದ ಮಾಡಬಾರದು, ಮಾಡಿದರೆ ದೂರು ಕೊಡಬಹುದು ಎಂದು. ಪಂಜಾಬಿಯೊಬ್ಬನ ಕೈಯ ಪತ್ರಿಕೆಯಲ್ಲಿ ಓದಿ ನಾನು ಹೇಳಿದಾಗ ಮಂಜಣ್ಣ ಕಣ್ಣು ಕಣ್ಣು ಬಿಟ್ಟ.

"ಶೀನಾ, ನಿಂಗೆ ಮಂಡೆ ಸಮ ಇತ್ತಾ? ಬಿಳಿಯರ ಮೇಲೆ ಬಿಳಿಯರ ಹತ್ರವೇ ದೂರ್ ಕೊಡ್ತ್ಯಾ? ಇದ್ದ ಕೆಲ್ಸವೂ ಹೋತ್ತ್, ಕಾಣ್."

"ಹೋರೆ ಹೋಯ್ಲಿ ಮಂಜಣ್ಣ. ಕರಿಯ ಅಂತ ಕೊಡ್ದೆ ಇಪ್ಪುದ್ ಸಮವಾ ಅಂತ ನಂಗೆ ಒಬ್ಬರಾರೂ ಹೇಳ್ಕ್."

ಶನಿವಾರ ಮಧ್ಯಾಹ್ನ ನಮ್ಮಂಥವರಿಗೆ ಧರ್ಮಕ್ಕೆ ಸಲಹೆ ಕೊಡುವ ಸಾಲಿಸಿಟರ್ ಒಬ್ಬರಿದ್ದರು. ಸಾಲಿಸಿಟರ್ ಎಂದರೆ ವಕೀಲರೇ, ಆದರೆ ಕಪ್ಪು ಕೋಟು ಹಾಕಿ ಕೋರ್ಟಿನಲ್ಲಿ ಕೂಗುವವರಲ್ಲ, ಕಾಗದಪತ್ರ ನೋಡಿ ದಾರಿ ಹೇಳುವವರು. ಚಪ್ಪಲಿ ಅಂಗಡಿಯ ಮೇಲಿನ ಅಟ್ಟದಲ್ಲಿ ಅವರ ಆಫೀಸು. ವಕೀಲರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ಬಾಳೆಹಣ್ಣು ಕಟ್ಟಿಸಿಕೊಂಡು ಹತ್ತಿದೆ. ಒಳಗಿದ್ದದ್ದು ಮಿಸ್ ಪಾರ್ಕರ್ ಎಂಬ ಮೂವತ್ತರ ಹೆಂಗಸು. ಬೆರಳಿಗೆಲ್ಲ ಶಾಯಿ. ಬಾಳೆಹಣ್ಣು ನೋಡಿ ನಕ್ಕು, ಒಂದನ್ನು ಅಲ್ಲೇ ಸುಲಿದು ತಿನ್ನುತ್ತ ನನ್ನ ಕಥೆ ಕೇಳಿದರು. ನಮ್ಮೂರಿನ ವಕೀಲರ ಎದುರು ನಾವು ಕೂರುವುದಿಲ್ಲ, ಗುಮಾಸ್ತರ ಹತ್ತಿರವೇ ಮಾತು ಮುಗಿಯುತ್ತದೆ. ಇಲ್ಲಿ ವಕೀಲರೇ ಕುರ್ಚಿ ಎಳೆದು ಕೊಟ್ಟು, "ಆಮೇಲೆ? ಆಮೇಲೆ?" ಎಂದು ಅಜ್ಜಿಕಥೆ ಕೇಳುವ ಹಾಗೆ ಕೇಳಿದರು. ಆರು ವರ್ಷದಲ್ಲಿ ಮೊದಲ ಸಲ ಆ ದೇಶದವರೊಬ್ಬರು ನನ್ನ ಮಾತನ್ನು ಕೊನೆಯ ತನಕ ಕೇಳಿದ್ದರು.

ದೂರು ಹೋಯಿತು. ಒಂದು ತಿಂಗಳ ಮೇಲೆ ಮಿಸ್ ಪಾರ್ಕರ್ ಕರೆಸಿದರು. ಮುಖ ಗಂಭೀರವಾಗಿತ್ತು. ಕಂಪನಿಯಿಂದ ಉತ್ತರ ಬಂದಿತ್ತು, ಜೊತೆಗೆ ರೀವ್ಸನ ಪುಸ್ತಕದ ಒಂದು ಪುಟದ ನಕಲು. ಅದರಲ್ಲಿ ಬರೆದಿತ್ತು: "ಶೀನನಿಗೆ ಬರ್ನರ್ ಕೆಲಸ ಬೇಕೇ ಎಂದು ಕೇಳಲಾಯಿತು. ಬೇಡವೆಂದ."

"ಇದು ಸುಳ್ಳು ತಾನೇ?" ಎಂದರು.

ಯೋಚಿಸಿ ಬರುತ್ತೇನೆಂದು ಎದ್ದು ಬಂದೆ. ನೇರ ಮಂಜಣ್ಣನ ಕೋಣೆಗೆ ಹೋದೆ. ಅವನು ಬೀಡಿ ಹಚ್ಚಿ, "ಹೇಳ್ಲಿಲ್ಲೆ ಅಂದ್ಬಿಡ್, ಮುಗೀತ್. ಸಾಕ್ಷಿ ಯಾರಿತ್ರ್ ಅಲ್ಲಿ?" ಎಂದ.

"ಹೇಳದ್ದ್ ಹೌದಲೆ ಮಂಜಣ್ಣ. ಸುಳ್ಳ್ ಹೇಳಿ ಗೆದ್ರೆ ಆನೆಗುಡ್ಡಿ ಗಣಪತಿ ಎದ್ರ್ ಹ್ಯಾಂಗೆ ನಿಲ್ಲುದ್ ನಾ?"

"ಗಣಪತಿ ಇಲ್ಲಿ ತನಕ ಬತ್ನಾ ಮಾರಾಯಾ?"

ಮುಂದಿನ ಶನಿವಾರ ಹೋಗಿ ಮಿಸ್ ಪಾರ್ಕರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಬೇಡ ಎಂದೆ. ಆದರೆ ಅದು ಉಪಚಾರದ ಬೇಡ" ಎಂದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಮ್ಮನ ಮಜ್ಜಿಗೆಯ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಎದ್ದರು. ಆಮೇಲೆ ಒಂದು ಕಪ್ ಟೀ ಮಾಡಿ ತಂದು, "ಕುಡಿಯುತ್ತೀರಾ?" ಎಂದರು.

"ಬೇಡ" ಎಂದೆ, ಅಭ್ಯಾಸಬಲ.

"ಸ್ವಲ್ಪ?"

"ಬೇಡ ಬೇಡ."

"ತೆಗೆದುಕೊಳ್ಳಿ ಪರವಾಗಿಲ್ಲ."

ನನ್ನ ಕೈ ತಾನೇ ಮುಂದೆ ಹೋಗಿ ಕಪ್ ಹಿಡಿಯಿತು. ಮಿಸ್ ಪಾರ್ಕರ್ ಮೇಜು ಬಡಿದು ನಕ್ಕರು. "ಅಯ್ಯೋ ದೇವರೇ, ಇಷ್ಟು ದಿನ ನನ್ನ ಆಫೀಸಿನಲ್ಲಿ ನೀವು ಒಂದು ಕಪ್ ಟೀ ಕುಡಿದಿಲ್ಲ!" ಎಂದರು. ನಾನೂ ನಕ್ಕೆ. ನಗುತ್ತ ನಗುತ್ತ ಅಳು ಬಂತು.

ವಿಚಾರಣೆ ಎಂದರೆ ಕೋರ್ಟಲ್ಲ. ಇಂಥ ದೂರು ಕೇಳಲೆಂದೇ ಆ ಹೊಸ ಕಾನೂನಿನಲ್ಲಿ ಮಾಡಿದ ಸಮಿತಿಯವರು ಮೂವರು ಎರಡೂ ಕಡೆಯ ಮಾತು ಕೇಳಿ ತಮ್ಮ ಅಭಿಪ್ರಾಯ ಕೊಡುವುದು, ರಾಜಿ ಮಾಡಿಸುವುದು. ನಮ್ಮ ಊರಿನ ಪಂಚಾಯ್ತಿಕೆಯ ಹಾಗೆಯೇ. ಜಗಲಿಯ ಬದಲು ಮೇಜು, ಎಲೆಯಡಿಕೆಯ ತಟ್ಟೆಯ ಬದಲು ಬಿಸ್ಕೀಟಿನ ತಟ್ಟೆ. ಕಿಟಕಿಯಾಚೆ ಮಂಜು ಸುರಿಯುತ್ತಿತ್ತು. ಎಲ್ಲರ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಅಧ್ಯಕ್ಷರು ಮುದುಕರು. ನನ್ನ ಉಪಚಾರದ ಕಥೆಯನ್ನು ಕೇಳಿ ಮುಗಿಸಿ, ಕನ್ನಡಕ ಒರೆಸುತ್ತ, "ಒಪ್ಪೋಣ. ಆದರೆ ನಿಮ್ಮ ಊರಿನ ಈ ರೀತಿ ಇಂಗ್ಲೆಂಡಿನವನಿಗೆ ಹೇಗೆ ಗೊತ್ತಾಗಬೇಕು?" ಎಂದರು.

ಮಿಸ್ ಪಾರ್ಕರ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತಿದ್ದೆ. ಇಂಗ್ಲಿಷು ತೊದಲಿತು, ಸಿಟ್ಟು ತೊದಲಲಿಲ್ಲ.

"ಗೊತ್ತಾಗಬೇಕಿಲ್ಲ ಸಾರ್. ಅದು ನನ್ನ ತಪ್ಪು. ಆದರೆ ಆಮೇಲೆ ನಾನು ನಿಮ್ಮ ರೀತಿಯಲ್ಲೇ ಕೇಳಿದೆ. ಬೇಕು ಎಂದೆ. ಮೂರು ಸಲ ಎಂದೆ. ನನ್ನ ಒಂದು ಬೇಡವನ್ನು ಬರೆದಿಟ್ಟುಕೊಂಡ ಪುಸ್ತಕದಲ್ಲಿ ನನ್ನ ಮೂರು ಬೇಕು ಎಲ್ಲಿ?"

ಅಧ್ಯಕ್ಷರು ರೀವ್ಸನ ಕಡೆ ತಿರುಗಿ, "ಇವರು ಕೇಳಿದ್ದು ಹೌದೇ?" ಎಂದರು. ರೀವ್ಸ್ ತನ್ನ ಟೊಪ್ಪಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಇಲ್ಲ ಎನ್ನಬಹುದಿತ್ತು, ಅವನಿಗೂ ಸಾಕ್ಷಿಯ ಹೆದರಿಕೆ ಇರಲಿಲ್ಲ. "ಹೌದು, ಮೂರು ಸಲ" ಎಂದ. "ನೀವು ಏನೆಂದಿರಿ?" "ಕರಿಯ ಬಂದರೆ ಮೇಲಿನವರು ಒಪ್ಪುವುದಿಲ್ಲ ಎಂದೆ." ಹೇಳಿ ಮುಗಿಸಿದಾಗ ಅವನ ಕಿವಿ ಕೆಂಪಾಗಿತ್ತು. ಅವನನ್ನು ಕಂಡು ಪಾಪ ಎನಿಸಿತು. ಅವನೂ ಸುಳ್ಳು ಹೇಳಲಾರದ ಮನುಷ್ಯ.

ಎರಡು ತಿಂಗಳ ಮೇಲೆ ಕಾಗದ ಬಂತು. ಭೇದ ಆಗಿದೆ ಎಂದು ಸಮಿತಿಯ ಅಭಿಪ್ರಾಯ. ಇನ್ನು ಹಾಗೆ ಮಾಡುವುದಿಲ್ಲವೆಂದು ಕಂಪನಿ ಬರೆದು ಕೊಟ್ಟಿತ್ತು. ಮಾರನೆಯ ವಾರ ರೀವ್ಸ್ ಬಂದು, "ಮೇಲೆ ಒಂದು ಜಾಗ..." ಎನ್ನುವಷ್ಟರಲ್ಲೇ ನಾನು "ಬೇಕು!" ಎಂದು ಕೂಗಿದೆ. ಪಕ್ಕದ ಪಂಜಾಬಿಗಳು ಇಟ್ಟಿಗೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಮೇಲೆ ಹೋಗಿ ಮೊದಲ ಮುಚ್ಚಳ ಎತ್ತಿದೆ. ಕೆಳಗೆ ಗೇರುಹಣ್ಣಿನ ಹಳದಿ, ಅಲುಗದೆ ನಿಂತಿತ್ತು. ಅಲ್ಲಿಗೂ ಇಲ್ಲಿಗೂ ಅನ್ನ ಬೇರೆ, ಮಾತು ಬೇರೆ, ಆಕಾಶದ ಬಣ್ಣ ಬೇರೆ. ಬೆಂಕಿ ಮಾತ್ರ ಒಂದೇ. ಮಾವ ಎಂದು ಒಮ್ಮೆ ಗಟ್ಟಿಯಾಗಿ ಕರೆದೆ, ಅಲ್ಲಿ ಕನ್ನಡ ತಿಳಿದವರು ಯಾರಿದ್ದಾರೆ ಎಂಬ ಧೈರ್ಯದಲ್ಲಿ. ಕೆಲಸ ಯಾರೂ ನಿಲ್ಲಿಸಲಿಲ್ಲ. ಮಾತೂ ಆಡಲಿಲ್ಲ. ಟೀ ಹೊತ್ತಿಗೆ ಅವರು ಒಂದು ಕಡೆ, ನಾನು ಒಂದು ಕಡೆ. ಐದಾರು ತಿಂಗಳಾದ ಮೇಲೆ ಮುದುಕ ಬರ್ನರ್ ಒಬ್ಬ ಕೆಟಲ್ ಹಿಡಿದು ದೂರದಿಂದಲೇ, "ಟೀ?" ಎಂದ. "ಬೇಕು" ಎಂದೆ. ಅಷ್ಟೇ. ಆ ಟೀಯಷ್ಟು ರುಚಿಯಾದದ್ದನ್ನು ನಾನು ಆ ದೇಶದಲ್ಲಿ ಕುಡಿದಿಲ್ಲ.

ಹಡಗು ಹತ್ತಿದ ಒಂಬತ್ತು ವರ್ಷದ ಮೇಲೆ, ಕಳೆದ ಬೇಸಿಗೆಯಲ್ಲಿ ಊರಿಗೆ ಬಂದೆ. ಅಕ್ಕ ಗಿರಿಜೆಯನ್ನು ಬಿಜೂರಿಗೆ ಕೊಟ್ಟಿದ್ದಾರೆ. ಹೆದ್ದಾರಿಯಲ್ಲಿ ಬಸ್ಸಿಳಿದು ಗದ್ದೆಯ ಅಂಚು ಹಿಡಿದು ನಡೆದೆ. ತೆಂಗಿನಮರದ ನೆರಳುಗಳು ನಿದ್ದೆಗಣ್ಣಿನಲ್ಲಿ ಕಂಡಂತೆ ಕಂಡವು. ಅಕ್ಕ ಅಂಗಳದಲ್ಲೇ ಅತ್ತು, ಕಣ್ಣೊರೆಸಿಕೊಂಡು, "ಮಾಣಿ, ಉಂಬುಕೆ ಕೂಕಂತ್ಯಾ? ಬಂಗ್ಡಿ ಸಾರ್ ಇತ್ತ್" ಎಂದಳು.

"ಹ್ಞೂಂ, ಬಡ್ಸ್" ಎಂದೆ.

ಅವಳು ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಎರಡನೆಯ ಮಾತು ಅವಳ ನಾಲಿಗೆಯ ತುದಿಯಲ್ಲೇ ಉಳಿಯಿತು. ಬಾಗಿಲ ಮರೆಯಲ್ಲಿ ಅವಳ ಸೊಸೆ ಕಿಸಕ್ಕನೆ ನಕ್ಕಳು. ಎಲೆಯ ಮುಂದೆ ಕೂತ ಮೇಲೆ ಅಕ್ಕ, "ಇನ್ನೊಂಚೂರ್ ಅನ್ನ ಹಾಕ್ಲ್ಯಾ?" ಎಂದಳು. ಹೊಟ್ಟೆ ತುಂಬಿತ್ತು, ಬ್ಯಾಡ ಎಂದೆ. ಅವಳು ಹಾಕಿಯೇ ಬಿಟ್ಟಳು. ಒಂಬತ್ತು ವರ್ಷ ಆ ಕೈಯ ಅನ್ನಕ್ಕೆ ಬಾಯಿ ಬಿಟ್ಟವನು ನಾನು, ಯಾಕೋ ಆ ಹೊತ್ತಿಗೆ ರೇಗಿಬಿಟ್ಟೆ.

"ಅಕ್ಕ, ನಾ ಬೇಕ್ ಅಂದ್ರೆ ಬೇಕ್, ಬ್ಯಾಡ ಅಂದ್ರೆ ಬ್ಯಾಡ. ಒಂದ್ ಸಲ ಕೇಂಡ್ರೆ ಸಾಕ್. ಈ ಒತ್ತಾಯವೇ ನನ್ನ ಹಾಳ್ ಮಾಡದ್ದ್."

ಅಕ್ಕ ಅನ್ನದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಆಯ್ತ್ ಮಾಣಿ. ಇನ್ ಒಂದೇ ಸಲ ಕೇಂತೆ" ಎಂದಳು. ಬೇಸರದಿಂದಲ್ಲ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಅಂದಿನಿಂದ ಒಂದೂವರೆ ತಿಂಗಳು ಹಾಗೆಯೇ ನಡೆದುಕೊಂಡಳು. ಸುಖವಾಗಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೊರಡುವ ದಿನ ಹೆದ್ದಾರಿಯ ತನಕ ಜೊತೆಗೆ ಬಂದಳು. ಕಡಲ ಗಾಳಿ ಬೀಸುತ್ತಿತ್ತು. ಬೈಂದೂರು ಕಡೆಯಿಂದ ಬರುವ ಬಸ್ಸು ಕಾಯುತ್ತ ನಿಂತಿದ್ದಾಗ, ರಸ್ತೆಯನ್ನೇ ನೋಡುತ್ತ ಅಕ್ಕ ಹೇಳಿದಳು: "ಕಾರ್ಖಾನಿ ಯಜಮಾನ್ರ್ ಹೇಳಿ ಕಳ್ಸಿದ್ರ್. ಮಾವನ ಜಾಗಕ್ಕೆ ಈಗ ಯಾರೂ ಇಲ್ಲ್ಯಂಬ್ರ್. ನೀ ಇಲ್ಲೇ ಇಪ್ಪುಕೆ ಆತ್ತಿಲ್ಯಾ?"

ಹೊಳೆಬದಿಯ ಆ ಭಟ್ಟಿ, ಕಿಂಡಿಯ ಹತ್ತಿರ ಬಗ್ಗಿದ ಮಾವ, ಟಣ್ ಎನ್ನುವ ಹಂಚು, ಎಲ್ಲ ಒಟ್ಟಿಗೆ ಎದೆಗೆ ಬಂತು. ದೊಡ್ಡದೊಂದನ್ನು ಯಾರೋ ನನ್ನ ಕೈಗಿಡಲು ಬಂದಿದ್ದರು.

"ಬ್ಯಾಡ ಅಕ್ಕ. ನಾ ಅಲ್ಲೇ ಲಾಯ್ಕ್ ಇದ್ದೆ" ಎಂದೆ.

ಅಂದವನು ಅವಳ ಮುಖ ನೋಡುತ್ತ ನಿಂತೆ. ಬಸ್ಸು ದೂರದ ತಿರುವಿನಲ್ಲಿ ಕಾಣಿಸಿತು. ಇನ್ನೊಂದು ಸಲ ಕೇಳಲಿ ಎಂದು ಆನೆಗುಡ್ಡೆಯ ಗಣಪತಿಗೆ ಮನಸ್ಸಿನಲ್ಲೇ ಕೈಮುಗಿದೆ. ಅಕ್ಕ ನನ್ನ ಚೀಲವನ್ನು ಎತ್ತಿ ಕೈಗೆ ಕೊಟ್ಟು, "ಆಯ್ತ್ ಮಾಣಿ" ಎಂದಳು.